ಸೋಫಾ ಕಾಯಲಿ, ಹಾಸಿಗೆ ಮೊದಲು ಬರಲಿ

ಬಾಡಿಗೆ ಕರಾರಿಗೆ ಸಹಿ ಬಿದ್ದು ಬೀಗದ ಕೈ ಸಿಕ್ಕ ದಿನ ಮನೆಯೂ ಖಾಲಿ, ಬ್ಯಾಂಕ್ ಖಾತೆಯೂ ಹೆಚ್ಚುಕಡಿಮೆ ಖಾಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡುವ ರೂಢಿ ಎಷ್ಟೋ ಕಾಲ ನಡೆದುಬಂತು. ಈಗ ಕೆಲವೆಡೆ ಅದು ಇಳಿದಿದ್ದರೂ ಮೊದಲ ತಿಂಗಳ ಬಾಡಿಗೆ, ಬ್ರೋಕರ್ ಕಮಿಷನ್, ಸಾಮಾನು ಸಾಗಿಸುವ ಖರ್ಚು ಎಲ್ಲ ಸೇರಿದರೆ ಕೂಡಿಟ್ಟ ಗಂಟು ಕರಗಿರುತ್ತದೆ. ಉಳಿದ ಐವತ್ತೋ ಅರವತ್ತೋ ಸಾವಿರದಲ್ಲಿ ಮನೆ ತುಂಬಬೇಕು.

ಈ ಹೊತ್ತಿನಲ್ಲಿ ಬಹಳ ಮಂದಿ ಹಾಲ್‌ನಿಂದ ಶುರು ಮಾಡುತ್ತಾರೆ. ‘ಬಂದವರು ಏನೆಂದುಕೊಂಡಾರು’ ಎಂಬ ಅಂಜಿಕೆಯಲ್ಲಿ ಸೋಫಾ, ಟಿ.ವಿ., ಗಾಜಿನ ಟೀಪಾಯಿ ಬರುತ್ತವೆ. ಮನೆಯವರು ಮಾತ್ರ ತೆಳ್ಳನೆಯ ಹಾಸಿಗೆಯ ಮೇಲೆ ಮಲಗಿ ಬೆನ್ನು ನೋಯಿಸಿಕೊಳ್ಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥ ಖರೀದಿಗೆ ಸರಿಯಾಗಿ ಹೊಂದುತ್ತದೆ.

ಹಣ ಕಡಿಮೆ ಇದ್ದಾಗ ಎರಡು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಗೊಂದಲ ಬಗೆಹರಿಯುತ್ತದೆ. ಈ ವಸ್ತು ದಿನಕ್ಕೆ ಎಷ್ಟು ಹೊತ್ತು ಬಳಕೆಗೆ ಬರುತ್ತದೆ? ಮುಂದಿನ ಮನೆಗೆ ಇದನ್ನು ಒಯ್ಯಲು ಆಗುತ್ತದೆಯೇ? ಬಾಡಿಗೆ ಕರಾರು ಹನ್ನೊಂದು ತಿಂಗಳಿನದು. ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವವರೇ ಹೆಚ್ಚು. ಹೀಗಾಗಿ ಇಂದು ಕೊಳ್ಳುವ ಮಂಚ, ಇನ್ನೂ ನೋಡಿರದ ಯಾವುದೋ ಮನೆಯ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ.

ಟೇಪು ಹಿಡಿಯಿರಿ, ಆಮೇಲೆ ಅಂಗಡಿಗೆ ಹೋಗಿ

ಕೊಳ್ಳುವ ಮೊದಲ ಸಾಮಾನು ಅಳತೆ ಟೇಪು. ಪ್ರತಿ ಕೋಣೆಯ ಉದ್ದ ಅಗಲ, ಬಾಗಿಲಿನ ಅಗಲ, ಮೆಟ್ಟಿಲು ತಿರುಗುವ ಜಾಗ, ಕಿಟಕಿಯ ಎತ್ತರ ಎಲ್ಲವನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬಾಡಿಗೆ ಮನೆಗಳ ಮಲಗುವ ಕೋಣೆ ಎಷ್ಟೋ ಕಡೆ ಹತ್ತಡಿಗೆ ಹತ್ತಡಿ. ಅದರಲ್ಲಿ ಆರೂವರೆ ಅಡಿ ಉದ್ದ, ಆರಡಿ ಅಗಲದ ಮಂಚ ಹಾಕಿದರೆ ಪಕ್ಕದಲ್ಲಿ ಉಳಿಯುವುದು ನಾಲ್ಕಡಿ, ಕಾಲ ಬಳಿ ಮೂರೂವರೆ ಅಡಿ. ಅಲ್ಲಿ ಬೀರು ಇಟ್ಟು ಅದರ ಬಾಗಿಲು ತೆರೆಯಲು ಹೊರಟರೆ ನಿಲ್ಲಲು ಜಾಗವಿಲ್ಲ. ಐದಡಿ ಅಗಲದ ಮಂಚವಾದರೆ ಕೋಣೆ ಉಸಿರಾಡುತ್ತದೆ.

ಪ್ಲಗ್ ಪಾಯಿಂಟುಗಳನ್ನೂ ಎಣಿಸಿ. 6 ಆಂಪ್‌ನ ಚಿಕ್ಕ ಸಾಕೆಟ್ ಎಲ್ಲೆಲ್ಲಿದೆ, 16 ಆಂಪ್‌ನ ದೊಡ್ಡದು ಎಲ್ಲಿದೆ ನೋಡಿ. ಗೀಸರ್, ವಾಷಿಂಗ್ ಮಷೀನ್, 2000 ವಾಟ್‌ನ ಇಂಡಕ್ಷನ್ ಒಲೆಗೆ ದೊಡ್ಡ ಸಾಕೆಟ್ಟೇ ಬೇಕು. ವಾಷಿಂಗ್ ಮಷೀನ್ ಇಡುವಲ್ಲಿ ನಲ್ಲಿಯೂ ನೀರು ಹೋಗುವ ದಾರಿಯೂ ಇರಬೇಕು. ಇದನ್ನು ನೋಡದೆ ಮಷೀನ್ ತಂದು ಬಾಲ್ಕನಿಯಲ್ಲಿ ಬಕೆಟ್ ಹಿಡಿದು ನಿಲ್ಲುವ ಮನೆಗಳು ಕಡಿಮೆಯಿಲ್ಲ.

ಫ್ಯಾನ್, ಗೀಸರ್, ಟ್ಯೂಬ್‌ಲೈಟ್, ಕರ್ಟನ್ ರಾಡ್ ಇವುಗಳಲ್ಲಿ ಮನೆಯೊಂದಿಗೆ ಬರುವುದು ಯಾವುದು ಎಂದು ಮಾಲೀಕರನ್ನು ಮೊದಲೇ ಕೇಳಿ, ಪಟ್ಟಿಯನ್ನು ಕರಾರಿಗೆ ಸೇರಿಸಿ. ಗೋಡೆಗೆ ಡ್ರಿಲ್ ಹಾಕಬಹುದೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಮನೆಗೆ ಕಾಲಿಟ್ಟ ದಿನವೇ ಗೋಡೆ, ನೆಲ, ನಲ್ಲಿಗಳ ಫೋಟೊ ತೆಗೆದಿಟ್ಟರೆ, ಬಿಡುವಾಗ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವ ಮಾತು ಬಂದಾಗ ಅದೇ ಸಾಕ್ಷಿ.

ಮೊದಲ ವಾರಕ್ಕೆ ಇಷ್ಟು ಸಾಕು

ಹಾಸಿಗೆ, ದಿಂಬು, ಹೊದಿಕೆ. ಗ್ಯಾಸ್ ಒಲೆ, ಕುಕ್ಕರ್, ಎರಡು ಪಾತ್ರೆ, ಒಂದು ಬಾಣಲೆ, ಚಾಕು, ಸೌಟು, ಎರಡು ತಟ್ಟೆ, ಎರಡು ಲೋಟ. ಬಕೆಟ್, ಮಗ್, ಪೊರಕೆ, ನೆಲ ಒರೆಸುವ ಬಟ್ಟೆ, ಕಸದ ಡಬ್ಬಿ. ಮಲಗುವ ಕೋಣೆಗೆ ಒಂದು ಪರದೆ, ಬಾಗಿಲಿಗೆ ಹೊಸ ಬೀಗ. ಇವಿಷ್ಟು ಇದ್ದರೆ ಸಂಸಾರ ನಡೆಯುತ್ತದೆ. ಮಿಕ್ಕದ್ದನ್ನು ಒಂದು ತಿಂಗಳು ಆ ಮನೆಯಲ್ಲಿದ್ದು ನೋಡಿ ಕೊಳ್ಳಿ. ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಬಟ್ಟೆ ಎಲ್ಲಿ ಒಣಗುತ್ತದೆ, ನೀವು ನಿಜವಾಗಿ ಎಲ್ಲಿ ಕೂತು ಊಟ ಮಾಡುತ್ತೀರಿ ಎಂಬುದು ಆಗಲೇ ತಿಳಿಯುವುದು.

ಗ್ಯಾಸಿನ ಬಗ್ಗೆ ಸ್ವಲ್ಪ ವಿವರ ಬೇಕು. ಹೊಸ ಸಂಪರ್ಕಕ್ಕೆ 14.2 ಕೆ.ಜಿ. ಸಿಲಿಂಡರಿನ ಠೇವಣಿ 2022ರ ಜೂನ್‌ನಲ್ಲಿ 2,200 ರೂಪಾಯಿಗೆ, ರೆಗ್ಯುಲೇಟರಿನದು 250ಕ್ಕೆ ಏರಿತು. ಸಂಪರ್ಕ ಒಪ್ಪಿಸುವಾಗ ಈ ಹಣ ವಾಪಸ್ ಬರುತ್ತದೆ. ಹಾಗಾಗಿ ಏಜೆನ್ಸಿ ಕೊಡುವ ವೋಚರ್ ಜೋಪಾನ. ಒಲೆಯನ್ನು ಏಜೆನ್ಸಿಯಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಹಾಗೆ ಒತ್ತಾಯಿಸಿದರೆ ‘ಬೇಡ’ ಎನ್ನಿ. ಆದರೆ ರಬ್ಬರ್ ಟ್ಯೂಬಿನ ವಿಷಯದಲ್ಲಿ ಜಿಪುಣತನ ಬೇಡ. ಏಜೆನ್ಸಿಯ ಸುರಕ್ಷಾ ಹೋಸನ್ನೇ ಹಾಕಿಸಿ, ಐದು ವರ್ಷಕ್ಕೊಮ್ಮೆ ಬದಲಿಸಿ. ವಿಳಾಸದ ದಾಖಲೆ ಇನ್ನೂ ಆಗಿಲ್ಲವೆಂದರೆ 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಸಿಗುತ್ತದೆ. ಅದಕ್ಕೆ ಗುರುತಿನ ಚೀಟಿ ಇದ್ದರೆ ಸಾಕು. ಒಬ್ಬರೇ ಇರುವವರು ಇಂಡಕ್ಷನ್ ಒಲೆಯಲ್ಲೇ ಕೆಲವು ತಿಂಗಳು ಕಳೆಯಬಹುದು. ಅದಕ್ಕೆ ತಳ ಸಮತಟ್ಟಾಗಿರುವ, ಅಯಸ್ಕಾಂತ ಅಂಟುವ ಪಾತ್ರೆಗಳೇ ಬೇಕೆಂಬುದನ್ನು ಮರೆಯಬೇಡಿ.

ಅಡುಗೆಮನೆ: ಅಟ್ಟದಿಂದ ಶುರು ಮಾಡಿ

ಪಾತ್ರೆ ಅಂಗಡಿಗೆ ಹೋಗುವ ಮೊದಲು ಊರಿನ ಮನೆಯ ಅಟ್ಟ ಹತ್ತಿ. ಮದುವೆ, ಗೃಹಪ್ರವೇಶಗಳಲ್ಲಿ ಮುಯ್ಯಿ ಬಂದ ಸ್ಟೀಲ್ ಡಬ್ಬಿ, ತಟ್ಟೆ, ಕೊಳಗಗಳು ಹೆಸರು ಕೆತ್ತಿಸಿಕೊಂಡು ಅಲ್ಲೇ ದೂಳು ತಿನ್ನುತ್ತಿರುತ್ತವೆ. ‘ಅಮ್ಮಾ, ಅಟ್ಟದ ಮೇಲಿನ ಪಾತ್ರೆ ಕೊಡ್ತೀಯಾ’ ಎಂದರೆ ಕೇಳಿದ್ದಕ್ಕಿಂತ ಹೆಚ್ಚೇ ಬರುತ್ತದೆ. ಹೊಸದಾಗಿ ಮದುವೆಯಾದವರು ‘ಏನು ಕೊಡಲಿ’ ಎಂದು ಕೇಳುವ ಚಿಕ್ಕಪ್ಪ, ಸೋದರತ್ತೆಯರಿಗೆ ಸಂಕೋಚಪಡದೆ ಹೇಳಿ: ಒಬ್ಬರು ಮಿಕ್ಸಿ, ಇನ್ನೊಬ್ಬರು ಕುಕ್ಕರ್. ಹೇಳದಿದ್ದರೆ ನಾಲ್ಕು ಗೋಡೆ ಗಡಿಯಾರ, ಮೂರು ಡಿನ್ನರ್ ಸೆಟ್ ಬಂದು ಕೂರುತ್ತವೆ.

ಕೊಳ್ಳಬೇಕಾದದ್ದನ್ನು ತೂಕದ ಲೆಕ್ಕದಲ್ಲಿ ಕೊಳ್ಳಿ. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನಲ್ಲಿ, ಹುಬ್ಬಳ್ಳಿಯ ದುರ್ಗದಬೈಲಿನಂಥ ಹಳೆಯ ಪೇಟೆಗಳಲ್ಲಿ ಸ್ಟೀಲ್ ಪಾತ್ರೆ ಈಗಲೂ ತಕ್ಕಡಿಗೆ ಏರುತ್ತದೆ. ತೆಳುವಾದ ಪಾತ್ರೆ ಅಗ್ಗವೆನಿಸುತ್ತದೆ, ಆದರೆ ಹಾಲು ಕಾಯಿಸಿದರೆ ತಳ ಹಿಡಿಯುತ್ತದೆ. ದಪ್ಪ ತಳದ ಒಂದು ಪಾತ್ರೆ, ತೆಳುವಾದ ಮೂರಕ್ಕಿಂತ ಮೇಲು. ದೋಸೆಗೆ ಕಬ್ಬಿಣದ ಕಾವಲಿ ತೆಗೆದುಕೊಳ್ಳಿ. ನಾನ್‌ಸ್ಟಿಕ್ ಲೇಪ ಕೆಲವು ವರ್ಷಗಳಲ್ಲಿ ಏಳುತ್ತದೆ, ಕಬ್ಬಿಣ ಬಳಸಿದಷ್ಟೂ ಪಳಗುತ್ತದೆ.

ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ ಕುಕ್ಕರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಇಬ್ಬರಿಗೆ ಮೂರು ಲೀಟರಿನದು ಧಾರಾಳ ಸಾಕು. ಅಕ್ಕಿ, ಬೇಳೆ ತುಂಬಲು ಒಂದೇ ಬಗೆಯ ಡಬ್ಬಿಗಳ ಸೆಟ್ಟಿಗೆ ಹಣ ಸುರಿಯುವ ಅಗತ್ಯವಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ತುಂಬಿಟ್ಟ ತಲೆಮಾರು ಸೋತದ್ದೇನೂ ಇಲ್ಲ.

ಮಂಚಕ್ಕಿಂತ ಹಾಸಿಗೆಗೆ ಹೆಚ್ಚು ಹಣ

ದಿನದ ಮೂರನೆಯ ಒಂದು ಭಾಗ ಕಳೆಯುವುದು ಹಾಸಿಗೆಯ ಮೇಲೆ. ಆದ್ದರಿಂದ ಹಣ ಬಿಚ್ಚುವುದಾದರೆ ಇಲ್ಲಿ ಬಿಚ್ಚಿ. ಮಂಚ ಒಂದೆರಡು ತಿಂಗಳು ತಡವಾದರೂ ನಡೆಯುತ್ತದೆ. ಈಚಲು ಚಾಪೆ ಹಾಸಿ ಅದರ ಮೇಲೆ ಹಾಸಿಗೆ ಹಾಕಬಹುದು, ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಿದರೆ ತಳ ತೇವ ಹಿಡಿಯುವುದಿಲ್ಲ.

ಹತ್ತಿ ಹಾಸಿಗೆ ಅಗ್ಗ, ಬೇಸಿಗೆಗೆ ತಂಪು. ಗಂಟುಗಂಟಾದಾಗ ಹತ್ತಿ ಎಕ್ಕುವವರಿಂದ ಎಕ್ಕಿಸಿ ಮತ್ತೆ ಹೊಲಿಸಿದರೆ ಹೊಸದಾಗುತ್ತದೆ. ಆದರೆ ಆಗಾಗ ಬಿಸಿಲಿಗೆ ಹಾಕಬೇಕು, ಬಿಸಿಲೇ ಬಾರದ ಫ್ಲ್ಯಾಟಿಗೆ ಇದು ಕಷ್ಟ. ತೆಂಗಿನ ನಾರಿನ ಹಾಸಿಗೆ ಗಟ್ಟಿ, ಬೆನ್ನಿಗೆ ಆಸರೆ. ಫೋಮ್ ಹಾಸಿಗೆ ಕೊಳ್ಳುವಾಗ ದಪ್ಪ ಎಷ್ಟೆಂದು ಕೇಳಿದರೆ ಸಾಲದು, ಡೆನ್ಸಿಟಿ ಎಷ್ಟೆಂದು ಕೇಳಿ. ಡೆನ್ಸಿಟಿ ಕಡಿಮೆಯಿದ್ದರೆ ವರ್ಷ ತುಂಬುವುದರೊಳಗೆ ನಡುವೆ ಗುಳಿ ಬೀಳುತ್ತದೆ.

ಜೋಡಿಗಳಿಗೆ ಒಂದು ಉಪಾಯವಿದೆ. ಆರಡಿ ಅಗಲದ ಒಂದೇ ಮಂಚದ ಬದಲು ಮೂರಡಿ ಅಗಲದ ಎರಡು ಸಿಂಗಲ್ ಮಂಚ ಕೊಂಡು ಜೋಡಿಸಿ. ಇಕ್ಕಟ್ಟಿನ ಮೆಟ್ಟಿಲಲ್ಲಿ ಸಲೀಸಾಗಿ ಏರುತ್ತವೆ. ಅಪ್ಪ ಅಮ್ಮ ಬಂದಾಗ ಒಂದನ್ನು ಹಾಲ್‌ಗೆ ಎಳೆಯಬಹುದು. ಉಳಿದ ದಿನ ಅಲ್ಲೇ ದಿಂಬು ಇಟ್ಟರೆ ಸೋಫಾ ಕೊಳ್ಳುವ ಮಾತೇ ಮುಂದಕ್ಕೆ ಹೋಗುತ್ತದೆ.

ಮರವೋ, ಪ್ಲೈಯೋ, ಪುಡಿ ಹಲಗೆಯೋ

ಆನ್‌ಲೈನಿನಲ್ಲಿ ನಾಲ್ಕೈದು ಸಾವಿರಕ್ಕೆ ಸಿಗುವ ವಾರ್ಡ್‌ರೋಬು, ಟಿ.ವಿ. ಯುನಿಟ್ಟುಗಳ ವಿವರದಲ್ಲಿ ‘ಎಂಜಿನಿಯರ್ಡ್ ವುಡ್’ ಎಂದು ಬರೆದಿರುತ್ತದೆ. ಅಷ್ಟಕ್ಕೆ ಬಿಡಬೇಡಿ, ಅದು ಯಾವುದು ಎಂದು ಕೆಳಗೆ ಓದಿ. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದರೆ ಪಾರ್ಟಿಕಲ್ ಬೋರ್ಡ್, ನುಣ್ಣನೆಯ ನಾರನ್ನು ಒತ್ತಿದರೆ ಎಂಡಿಎಫ್, ತೆಳು ಪದರಗಳನ್ನು ಅಡ್ಡ ಉದ್ದ ಜೋಡಿಸಿ ಅಂಟಿಸಿದರೆ ಪ್ಲೈವುಡ್.

ಅಂಗಡಿಯಲ್ಲಿ ನೋಡುವುದಾದರೆ ಮೇಲಿನ ಹೊಳಪು ನೋಡಬೇಡಿ. ಡ್ರಾಯರನ್ನು ಪೂರ್ತಿ ಹೊರಗೆಳೆದು ಅದರ ತಳದ ಅಂಚು ನೋಡಿ. ಪಟ್ಟಿ ಅಂಟಿಸದ ಬರಿ ಅಂಚಿನಲ್ಲಿ ರವೆಯಂಥ ಕಾಳು ಕಂಡರೆ ಅದು ಪಾರ್ಟಿಕಲ್ ಬೋರ್ಡ್, ಪದರ ಪದರ ಕಂಡರೆ ಪ್ಲೈ. ಆಮೇಲೆ ಬಾಗಿಲಿನ ಕೀಲು ನೋಡಿ. ಸ್ಕ್ರೂ ಸುತ್ತ ಹಲಗೆ ಉಬ್ಬಿದ್ದರೆ, ಬೆರಳಲ್ಲಿ ಒತ್ತಿದಾಗ ಕೀಲು ಅಲುಗಿದರೆ, ಅದು ಶೋರೂಮಿನಲ್ಲೇ ಸೋತಿದೆ ಎಂದರ್ಥ. ಪಾರ್ಟಿಕಲ್ ಬೋರ್ಡಿಗೆ ಎರಡು ಶತ್ರುಗಳು: ನೀರು ಮತ್ತು ಮನೆ ಬದಲಾವಣೆ. ನೀರು ಕುಡಿದು ಊದಿಕೊಂಡದ್ದು ಮತ್ತೆ ಇಳಿಯುವುದಿಲ್ಲ. ಒಮ್ಮೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ತೂತು ಸಡಿಲವಾಗುತ್ತದೆ, ಎರಡನೆಯ ಸಲಕ್ಕೆ ಹಿಡಿಯುವುದೇ ಇಲ್ಲ. ಕರಾವಳಿಯ ಮಳೆಗಾಲದ ತೇವದಲ್ಲಿ ಇದರ ಆಯಸ್ಸು ಇನ್ನೂ ಕಡಿಮೆ. ಒಂದೇ ಕಡೆ ನಿಲ್ಲುವ ಪುಸ್ತಕದ ಕಪಾಟಿಗೆ ಆಗಬಹುದು, ಸಿಂಕಿನ ಕೆಳಗೆ ಬೇಡ.

ಬಡಗಿಯಿಂದ ಮಾಡಿಸುವವರು ಪ್ಲೈ ಹಾಳೆಯ ಮೇಲಿನ ಮುದ್ರೆ ಓದಲು ಕಲಿಯಬೇಕು. ‘ಯಾವ ಪ್ಲೈ ಹಾಕ್ತೀರಣ್ಣ?’ ಎಂದು ಕೇಳಿದರೆ ‘ಒಳ್ಳೇ ಪ್ಲೈ ಸರ್’ ಎಂಬ ಉತ್ತರ ಬರುತ್ತದೆ. ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು, ಬೀರು ಮಂಚಗಳಿಗೆ ನಡೆಯುತ್ತದೆ. ಐಎಸ್ 710 ಎಂದಿದ್ದರೆ ನೀರು ತಡೆಯುವ ಮರೈನ್ ಪ್ಲೈ, ಬೆಲೆ ಹೆಚ್ಚು, ಅಡುಗೆಮನೆಗೆ ಸರಿ. ಹಾಳೆ ಕತ್ತರಿಸುವ ಮುನ್ನ ಮುದ್ರೆಯ ಫೋಟೊ ತೆಗೆದಿಡಿ. ಗಟ್ಟಿ ಮರವೇ ಬೇಕೆಂದರೂ ತೇಗವೇ ಆಗಬೇಕೆಂದಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್, ಸಂಸ್ಕರಿಸಿದ ರಬ್ಬರ್ ಮರ, ಹಲಸು ಇವೆಲ್ಲ ತೇಗಕ್ಕಿಂತ ಅಗ್ಗ.

ಬಟ್ಟೆ, ದಾಖಲೆ ಇಡಲು ಬಾಡಿಗೆ ಮನೆಗೆ ಒಪ್ಪುವುದು ಕಬ್ಬಿಣದ ಬೀರು. ಹಾಗೆಂದರೆ ‘ಗಾಡ್ರೇಜ್’ ಎಂದೇ ಬಾಯಿಗೆ ಬರುವಷ್ಟು ಆ ಹೆಸರು ರೂಢಿಯಾಗಿದೆ. ಊರಿನ ವರ್ಕ್‌ಶಾಪಿನಲ್ಲಿ ಮಾಡಿದ್ದನ್ನು ಕೊಳ್ಳುವಾಗ ತಗಡಿನ ಗೇಜ್ ಕೇಳಿ. ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ತಗಡು ದಪ್ಪ: 20 ಗೇಜ್, 22ಕ್ಕಿಂತ ಗಟ್ಟಿ.

ಸೆಕೆಂಡ್ ಹ್ಯಾಂಡ್: ಯಾವುದು ಸರಿ, ಯಾವುದು ಬೇಡ

ಶಾಲೆಗೆ ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಮನೆ ಬದಲಿಸುವವರು, ವರ್ಗವಾಗಿ ಹೋಗುವವರು ಹೆಚ್ಚು. ಆಗ ಅಪಾರ್ಟ್‌ಮೆಂಟುಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಳ್ಳೆಯ ಸಾಮಾನು ಸಿಗುತ್ತದೆ. ಸಾಮಾನು ಅದೇ ಬಡಾವಣೆಯದಾದರೆ ಸಾಗಣೆಯೂ ಅಗ್ಗ. ಮರದ ಮೇಜು, ಕುರ್ಚಿ, ಕಬ್ಬಿಣದ ಬೀರು, ಪುಸ್ತಕದ ಕಪಾಟು, ಮಂಚ ಇವೆಲ್ಲ ಹಳೆಯದಾದರೂ ಚಿಂತೆಯಿಲ್ಲ. ಹಾಸಿಗೆ, ದಿಂಬು, ಕುಕ್ಕರ್, ಗ್ಯಾಸ್ ಟ್ಯೂಬು ಹಳೆಯದು ಬೇಡವೇ ಬೇಡ. ಕುಶನ್ ಇರುವ ಸೋಫಾ ಕೊಳ್ಳುವುದಾದರೆ ಹೊಲಿಗೆಯ ಸಂದಿಯನ್ನು ಬಿಡಿಸಿ, ಟಾರ್ಚ್ ಹಾಕಿ ನೋಡಿ. ಕರಿ ಚುಕ್ಕೆಗಳಿದ್ದರೆ ತಿಗಣೆ ಇದೆ, ಅಲ್ಲಿಂದಲೇ ವಾಪಸ್ ಬನ್ನಿ. ಮರದ ಸಾಮಾನನ್ನು ಬಗ್ಗಿಸಿ ಕಾಲಿನ ತಳ ನೋಡಿ. ಅಲ್ಲಿ ಮಣ್ಣಿನ ಗೆರೆ ಕಂಡರೆ ಗೆದ್ದಲು.

ಹಳೆಯ ಫ್ರಿಜ್ ನೋಡಲು ಹೋದರೆ ಅದು ಮೊದಲೇ ಓಡುತ್ತಿರುವಂತೆ ಹೇಳಿ. ಬಾಗಿಲಿನ ಸಂದಿಗೆ ಒಂದು ನೋಟು ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಪಟ್ಟಿ ಚೆನ್ನಾಗಿದೆ, ಜಾರಿ ಬಂದರೆ ತಂಪು ಸೋರುತ್ತಿದೆ. ನಾಲ್ಕು ಬದಿಯಲ್ಲೂ ಹೀಗೆ ಮಾಡಿ.

ಒಂದು ಎಚ್ಚರಿಕೆ. ಹಣ ಪಡೆಯಲು ಯಾರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಹಾಗೆ ಹೇಳುವವರು ಮೋಸಗಾರರು. ‘ಈಗಲೇ ಟೋಕನ್ ಹಾಕಿ, ಬೇರೆಯವರು ಕಾಯ್ತಿದ್ದಾರೆ’ ಎನ್ನುವವರಿಗೂ ಸಾಮಾನು ಕಣ್ಣಾರೆ ನೋಡುವವರೆಗೆ ಒಂದು ಪೈಸೆ ಕಳಿಸಬೇಡಿ. ಇನ್ನು ಲಗೇಜ್ ಆಟೊ, ಟಾಟಾ ಏಸ್ ಬಾಡಿಗೆ ಮಾತಾಡುವಾಗ ಹತ್ತಿಸಿ ಇಳಿಸುವ ಕೂಲಿ ಸೇರಿದೆಯೇ, ಎಷ್ಟನೆಯ ಮಹಡಿ ಎಂಬುದನ್ನು ಮೊದಲೇ ಬಿಡಿಸಿ ಹೇಳಿ.

ಕರೆಂಟ್ ಬಿಲ್ಲೂ ಬೆಲೆಯ ಭಾಗವೇ

ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ, ಅದೂ ಒಂದೇ ಫ್ಯಾನಿನಲ್ಲಿ. ಬಿಚ್ಚಿಕೊಂಡು ಮುಂದಿನ ಮನೆಗೂ ಒಯ್ಯಬಹುದು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ. ಫ್ರಿಜ್ ಲೇಬಲ್ಲಿನಲ್ಲಿ ಸ್ಟಾರ್ ಜೊತೆಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯೂ ಇರುತ್ತದೆ. ಹೋಲಿಸಬೇಕಾದದ್ದು ಆ ಅಂಕಿಯನ್ನು. ಇಬ್ಬರಿಗೆ 180–200 ಲೀಟರಿನ ಒಂದೇ ಬಾಗಿಲಿನ ಫ್ರಿಜ್ ಸಾಕು.

ಕರ್ನಾಟಕದಲ್ಲಿರುವವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಆಧಾರ್ ಜೋಡಿಸಿ ನೋಂದಾಯಿಸಿಕೊಳ್ಳಬಹುದು. ಹಿಂದೆ ಇದ್ದವರ ಹೆಸರು ಆ ಮೀಟರಿಗೆ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು. ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚುವರಿಗೆ ಹಣ, 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ.

ಇಎಂಐ ಮತ್ತು ಬಾಡಿಗೆ ಫರ್ನಿಚರ್

‘ಜೀರೋ ಪರ್ಸೆಂಟ್ ಬಡ್ಡಿ’ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಇಂದಿನ ‘ನೋ ಕಾಸ್ಟ್ ಇಎಂಐ’ಯಲ್ಲಿ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿಯೆಂದು ಮೊದಲೇ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಮಾತ್ರ ನಿಮ್ಮ ತಲೆಗೇ. ಪೂರ್ತಿ ಹಣ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಒಮ್ಮೆ ಕೇಳಿ ನೋಡಿ. ಫ್ರಿಜ್‌ನಂಥ ಒಂದು ಅಗತ್ಯಕ್ಕೆ ಇಎಂಐ ಸರಿ, ಒಟ್ಟಿಗೆ ಮೂರು ನಾಲ್ಕು ಬೇಡ.

ಫರ್ನಿಚರ್ ಬಾಡಿಗೆಗೆ ಕೊಡುವ ಕಂಪನಿಗಳೂ ಇವೆ. ಲೆಕ್ಕ ಸುಲಭ. ಫ್ರಿಜ್‌ಗೆ ತಿಂಗಳಿಗೆ 800 ರೂಪಾಯಿ ಕೇಳಿದರೆಂದುಕೊಳ್ಳಿ, ಎರಡು ವರ್ಷಕ್ಕೆ 19,200 ಆಯಿತು. ಅಷ್ಟಕ್ಕೆ ಹೊಸದೇ ಬರುತ್ತದೆ. ವರ್ಷದೊಳಗೆ ಊರು ಬಿಡುವುದು ಖಚಿತವಿದ್ದರೆ ಬಾಡಿಗೆ, ಇಲ್ಲದಿದ್ದರೆ ಖರೀದಿ.

ಹಾಲ್ ಕೊನೆಗೆ

ಹಾಲ್ ಖಾಲಿ ಇದ್ದರೆ ಅವಮಾನವೇನಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಹತ್ತಿ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದನ್ನೋ, ಚಳ್ಳಕೆರೆ ಕಡೆಯ ಉಣ್ಣೆ ಕಂಬಳಿಯನ್ನೋ ಹಾಸಿ ಎರಡು ಒರಗುದಿಂಬು ಇಟ್ಟರೆ ನಾಲ್ಕು ಜನ ಆರಾಮಾಗಿ ಕೂರುತ್ತಾರೆ. ನೆಲಕ್ಕೆ ಕೂರಲಾಗದ ಹಿರಿಯರಿಗೆ ಎರಡು ಕುರ್ಚಿ ಇದ್ದರಾಯಿತು. ಪರದೆಗೆ ರೆಡಿಮೇಡ್ ಬದಲು ಚಿಕ್ಕಪೇಟೆಯಂಥ ಕಡೆ ಮೀಟರ್ ಲೆಕ್ಕದಲ್ಲಿ ಬಟ್ಟೆ ಕೊಂಡು ಟೈಲರಿಂದ ಹೊಲಿಸಿ. ಅಂಚನ್ನು ನಾಲ್ಕು ಬೆರಳು ಹೆಚ್ಚೇ ಮಡಿಸಿಟ್ಟರೆ ಮುಂದಿನ ಮನೆಯ ಎತ್ತರದ ಕಿಟಕಿಗೂ ಇಳಿಸಬಹುದು.

ಇಬ್ಬರ ಮನೆಗೆ 60,000 ರೂಪಾಯಿ ಇದ್ದರೆ ಹೀಗೆ ಹಂಚಬಹುದು: ಹಾಸಿಗೆ, ಮಂಚ, ದಿಂಬಿಗೆ 15,000, ಗ್ಯಾಸ್, ಒಲೆ, ಮಿಕ್ಸಿ, ಪಾತ್ರೆಗೆ 15,000, ಫ್ರಿಜ್‌ಗೆ 15,000, ಸೆಕೆಂಡ್ ಹ್ಯಾಂಡ್ ಬೀರು, ಮೇಜು, ಕುರ್ಚಿಗೆ 8,000, ಪರದೆ, ಬಕೆಟ್, ಬಲ್ಬುಗಳಿಗೆ 3,000, ಸಾಗಣೆ, ಕೂಲಿ, ಮರೆತುಹೋದ ಸಣ್ಣಪುಟ್ಟಕ್ಕೆ 4,000. ಅಟ್ಟದಿಂದ ಪಾತ್ರೆ ಬಂದರೆ, ಅತ್ತೆ ಮಿಕ್ಸಿ ಕೊಟ್ಟರೆ ಉಳಿದದ್ದನ್ನು ಹಾಸಿಗೆಗೆ ಸೇರಿಸಿ.

ಟಿ.ವಿ., ವಾಷಿಂಗ್ ಮಷೀನ್, ಸೋಫಾ ಈ ಪಟ್ಟಿಯಲ್ಲಿಲ್ಲ. ಅವು ದಸರಾ, ದೀಪಾವಳಿಯ ರಿಯಾಯಿತಿ ಬರುವವರೆಗೆ ಕಾಯಲಿ. ಅಷ್ಟರಲ್ಲಿ ಕೈಗೆ ಸ್ವಲ್ಪ ಹಣವೂ ಸೇರಿರುತ್ತದೆ, ನಿಜವಾಗಿ ಬೇಕಾದದ್ದು ಯಾವುದೆಂದೂ ಗೊತ್ತಾಗಿರುತ್ತದೆ. ಏನೇ ಕೊಂಡರೂ ಬಿಲ್ ಕೇಳಿ ಪಡೆಯಿರಿ, ವಾರಂಟಿ ಕಾರ್ಡಿನ ಜೊತೆ ಒಂದೇ ಫೈಲಿನಲ್ಲಿಡಿ. ಕೆಟ್ಟಾಗ ರಿಪೇರಿಗೂ, ಮನೆ ಬಿಡುವಾಗ ಮಾರಲೂ ಮೊದಲು ಕೇಳುವುದು ಅದನ್ನೇ.